ಜ್ವರ ಬಂದರೆ ಡಾಕ್ಟರಿಗೆ ದನದ ಸುದ್ದಿಯನ್ನೂ ಹೇಳಿ

ಹೈನುಗಾರ ಅಕ್ಕಂದಿರೇ,

ದನದ ಡಾಕ್ಟರು ಮನುಷ್ಯರ ಆಸ್ಪತ್ರೆಯ ಬಗ್ಗೆ ಬರೆಯುವುದೇಕೆ ಎನ್ನಬೇಡಿ. ದನದಿಂದ ನಿಮಗೆ ಬರುವ ಕಾಯಿಲೆಯೊಂದಿದೆ: ಬ್ರುಸೆಲ್ಲೋಸಿಸ್ ಎಂಬ ಕಂದು ರೋಗ.

ಈ ರೋಗವಿದ್ದ ಆಕಳು, ಎಮ್ಮೆ ಸಾಮಾನ್ಯವಾಗಿ ಐದಾರು ತಿಂಗಳು ದಾಟಿದ ಮೇಲೆ ಕಂದು ಹಾಕುತ್ತವೆ. ಸತ್ತ ಕರು, ಮಾಸು, ಸೋರುವ ನೀರಿನಲ್ಲೆಲ್ಲ ರೋಗಾಣು ತುಂಬಿರುತ್ತದೆ. ಬರಿಗೈಯಲ್ಲಿ ಮುಟ್ಟಿದರೆ ಗಾಯದ ಮೂಲಕ, ಹಸಿ ಹಾಲು ಕುಡಿದರೆ ಬಾಯಿಯ ಮೂಲಕ ಒಳಸೇರುತ್ತದೆ. ಕೆಲವು ವಾರಗಳಲ್ಲಿ ಬಿಟ್ಟು ಬಿಟ್ಟು ಜ್ವರ, ರಾತ್ರಿ ಬೆವರು, ಸೊಂಟ ಮತ್ತು ಕೀಲು ನೋವು ಕಾಣಿಸಬಹುದು.

ಆಗ ಸೇಡಂ, ಚಿತ್ತಾಪುರ, ಚಿಂಚೋಳಿಯವರು ತಾಲ್ಲೂಕು ಆಸ್ಪತ್ರೆಗೆ, ವಾಡಿ, ಶಹಾಬಾದಿನವರು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ‘ನಮ್ಮ ಆಕಳು ಕಂದು ಹಾಕಿತ್ತು, ನಾನೇ ಮಾಸು ತೆಗೆದೆ’ ಎಂದು ತಪ್ಪದೆ ಹೇಳಿ. ಈ ಜ್ವರ ಟೈಫಾಯ್ಡ್, ಮಲೇರಿಯಾದಂತೆ ಕಾಣುತ್ತದೆ. ನೀವು ಹೇಳಿದರೆ ಡಾಕ್ಟರು ಸರಿಯಾದ ರಕ್ತಪರೀಕ್ಷೆ ಮಾಡಿಸುತ್ತಾರೆ. ಬಸುರಿಯಾಗಿದ್ದರೆ ಅದನ್ನೂ ಮೊದಲೇ ತಿಳಿಸಿ. ಕಲಬುರಗಿಯ ಜಿಮ್ಸ್‌ಗೆ ಕಳಿಸಿದರೆ ಹಿಂಜರಿಯದೆ ಹೋಗಿ. ಶಕ್ತಿ ಯೋಜನೆಯಡಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ನಿಮಗೆ ಟಿಕೆಟ್ ಹಣವಿಲ್ಲ.

ಮಾತ್ರೆ ಕನಿಷ್ಠ 6 ವಾರ ಬೇಕಾಗುತ್ತದೆ. ಜ್ವರ ಇಳಿಯಿತೆಂದು ನಡುವೆ ಬಿಟ್ಟರೆ ರೋಗ ಮರುಕಳಿಸುತ್ತದೆ.

ಇನ್ನು ಕೊಟ್ಟಿಗೆಯ ಕೆಲಸ:

• 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಒಮ್ಮೆ ಲಸಿಕೆ ಹಾಕಿಸಿ. ಇದು ಉಚಿತ.
• ಕೈಗವಸು ಹಾಕದೆ ಮಾಸು ಮುಟ್ಟಬೇಡಿ. ಸುಣ್ಣ ಹಾಕಿ ಆಳವಾಗಿ ಹೂಳಿ. ನಾಯಿಗಳ ಬಾಯಿಗೆ ಸಿಗಬಾರದು.
• ಹಾಲನ್ನು ಕುದಿಸಿಯೇ ಕುಡಿಯಿರಿ.
• ದನ ಕಂದು ಹಾಕಿದ ದಿನವೇ ಪಶು ಆಸ್ಪತ್ರೆಗೆ ತಿಳಿಸಿ.