ಮಲೆನಾಡಿನಲ್ಲಿ ಹೊಸ ಮನೆವಾರ್ತೆ

ಪಟ್ಟಣದ ಸಂಸಾರವೊಂದು ದೂರದ ಹಳ್ಳಿಗೆ ಹೊರಡುವಾಗ ಪಾತ್ರೆಪಡಗಗಳನ್ನೂ ಹಾಸಿಗೆ ಹೊದಿಕೆಗಳನ್ನೂ ಪುಸ್ತಕಗಳನ್ನೂ ಪಟ್ಟಿಮಾಡಿ ಕಟ್ಟುವುದುಂಟು. ಆದರೆ ಹೊಸ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಬೇಕಾಗುವ ಸಾಮಗ್ರಿಯೊಂದು ಆ ಪಟ್ಟಿಯಲ್ಲಿ ಸೇರಿರುವುದಿಲ್ಲ. ಅದಾವುದೆಂದರೆ, ಮನೆಯ ಹಿರಿಯರು, ಅದರಲ್ಲಿಯೂ ಹೆಂಗಸರು, ಅನೇಕ ವರ್ಷಗಳ ಅನುಭವದಿಂದ ಸಂಪಾದಿಸಿಕೊಂಡಿರುವ ಗೃಹಕೃತ್ಯದ ತಿಳಿವಳಿಕೆ. ಅಂಗಡಿಯು ಬೀದಿಯ ತಿರುವಿನಲ್ಲಿಯೇ ಇರುವ ಊರಿನಲ್ಲಿ ಇದರ ಬೆಲೆ ನಮಗೆ ತೋರುವುದಿಲ್ಲ. ಅಂಗಡಿಗೆ ಹತ್ತು ಮೈಲಿ ನಡೆಯಬೇಕಾದ ಎಡೆಗೆ ಹೋದಾಗ ಮಾತ್ರ ಅದು ಗೊತ್ತಾಗುತ್ತದೆ. ಈ ತಿಳಿವಳಿಕೆಯಲ್ಲಿ ಊರು ಬದಲಾದರೂ ನಿಲ್ಲತಕ್ಕದ್ದು ಯಾವುದು, ಊರಿನೊಡನೆ ಬದಲಾಗತಕ್ಕದ್ದು ಯಾವುದು, ಎಂಬುದನ್ನು ವಿಚಾರಮಾಡುವುದೇ ಈ ಭಾಷಣದ ಉದ್ದೇಶ.

ಉದಾಹರಣೆಗಾಗಿ ಮೈಸೂರಿನಿಂದ ಆಗುಂಬೆಯ ಸೀಮೆಗೆ ಹೋಗುವ ಒಂದು ಸಂಸಾರವನ್ನು ತೆಗೆದುಕೊಳ್ಳೋಣ. ಮೈಸೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿಲಿಮೀಟರು. ಆಗುಂಬೆಯಲ್ಲಿ ಅದು 7,000 ಮಿಲಿಮೀಟರನ್ನೂ ಮೀರುತ್ತದೆ. ಅದರ ಬಹುಭಾಗ ಜೂನ್ ತಿಂಗಳಿಂದ ಸೆಪ್ಟೆಂಬರಿನೊಳಗೆ ಸುರಿದುಹೋಗುತ್ತದೆ. ಹಿಂದೆ ಮಲೆನಾಡಿಗೆ ವರ್ಗವಾಯಿತೆಂದರೆ ನೌಕರರು ಅಂಜುತ್ತಿದ್ದರು. ಚಳಿಜ್ವರವು ಆ ಅಂಜಿಕೆಗೆ ಮುಖ್ಯ ಕಾರಣವಾಗಿತ್ತು. 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮದ ತರುವಾಯ ಆ ಭಯ ಬಹುಮಟ್ಟಿಗೆ ಕಡಮೆಯಾಯಿತು. ಇಂದು ವಿದ್ಯುದ್ದೀಪವೂ ಅನಿಲದ ಒಲೆಯೂ ಅಲ್ಲಿಗೆ ತಲಪಿವೆ. ಆದರೂ ಗಾಳಿಮಳೆಗೆ ಮರಗಳು ತಂತಿಯ ಮೇಲೆ ಬಿದ್ದು, ಹಳ್ಳವು ದಾರಿಯನ್ನು ಕಟ್ಟಿದ ದಿನಗಳಲ್ಲಿ, ತೋಟದ ನಡುವಿನ ಒಂಟಿ ಮನೆ ತನ್ನಲ್ಲಿರುವುದರಿಂದಲೇ ಬಾಳಬೇಕಾಗುತ್ತದೆ.

ನಾವು ಆ ಸೀಮೆಯ ಒಂದು ಮನೆಗೆ ಸಂಸಾರ ಸಾಗಿಸುವುದೆಂದು ನಿಶ್ಚಯವಾದಾಗ, ನಮ್ಮ ಸೋದರತ್ತೆಯವರು ಮೈಸೂರಿನಲ್ಲಿ ಎರಡು ತಿಂಗಳ ಕಾಲ ನಮ್ಮೊಡನಿದ್ದು ತಮಗೆ ತಿಳಿದದ್ದನ್ನೆಲ್ಲ ಹೇಳಿಕೊಟ್ಟರು. ನಾವು ಲೇಖನಿ ಹಿಡಿದು, ಉಪ್ಪು ಎಷ್ಟು ತೊಲ, ನೀರು ಎಷ್ಟು ಪಾವು ಎಂದು ಕೇಳುತ್ತಿದ್ದೆವು. “ಲೆಕ್ಕ ಆಮೇಲೆ ಬರೆದುಕೊಳ್ಳಿರಪ್ಪ, ಮೊದಲು ಕೈಯಿಟ್ಟು ನೋಡಿ” ಎಂದು ಅವರು ಹೇಳುತ್ತಿದ್ದರು. ಕನ್ನಡದಲ್ಲಿ ಪಾಕವಿದ್ಯೆಯ ಬರಹಕ್ಕೆ ಕೊರತೆಯೇನೂ ಇಲ್ಲ. 11ನೆಯ ಶತಮಾನದ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಸೂಪಶಾಸ್ತ್ರಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ, 16ನೆಯ ಶತಮಾನದ ಆದಿಭಾಗದಲ್ಲಿ ಮುಮ್ಮಡಿ ಮಂಗರಸನು ‘ಸೂಪಶಾಸ್ತ್ರ’ವೆಂಬ ಗ್ರಂಥವನ್ನೇ ರಚಿಸಿದನು. ಆದರೆ ಹಪ್ಪಳ ಒಣಗಿತೇ ಇಲ್ಲವೇ ಎಂಬುದನ್ನು ಅದನ್ನು ಮುರಿದಾಗ ಬರುವ ಸದ್ದಿನಿಂದ ತಿಳಿಯಬೇಕು. ಹಾಲು ಹೆಪ್ಪಿಗೆ ಹದವಾಯಿತೇ ಎಂಬುದನ್ನು ಬೆರಳಿನಿಂದ ತಿಳಿಯಬೇಕು. ಇವು ಜೊತೆಯಲ್ಲಿದ್ದು ಕಲಿಯುವ ವಿಷಯಗಳು.

ಹೀಗೆ ಕಲಿತದ್ದನ್ನು ಬೇರೆ ನೆಲಕ್ಕೆ ಒಯ್ಯುವಾಗ ಬರುವ ಮೊದಲನೆಯ ಪ್ರಶ್ನೆ ಧಾನ್ಯದ್ದು. ಮೈಸೂರು ಸೀಮೆಯ ಬಯಲಿನಲ್ಲಿ ಹಿಂದೆ ರಾಗಿಯನ್ನು ಹಗೇವಿನಲ್ಲಿ ತುಂಬುತ್ತಿದ್ದರು. ಗಟ್ಟಿಯಾದ ಒಣನೆಲದಲ್ಲಿ ತೋಡಿ, ಹುಲ್ಲು ಹಾಸಿ, ಕಿರಿದಾದ ಬಾಯಿಗೆ ಕಲ್ಲುಚಪ್ಪಡಿಯಿಟ್ಟು ಮಣ್ಣು ಮೆತ್ತಿದ ಆ ಗುಂಡಿಯಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಕಾರಣವೇನು? ಮುಚ್ಚಿದ ಗುಂಡಿಯಲ್ಲಿ ಧಾನ್ಯವೂ ಹುಳುವೂ ಉಸಿರಾಡಿ ಆಮ್ಲಜನಕವನ್ನು ಮುಗಿಸುತ್ತವೆ, ಇಂಗಾಲದ ಡೈಆಕ್ಸೈಡು ತುಂಬುತ್ತದೆ, ಹುಳುಗಳು ಸಾಯುತ್ತವೆ. ಹಗೇವಿನ ಬಾಯಿ ತೆರೆದ ಕೂಡಲೆ ಯಾರೂ ಇಳಿಯಬಾರದು, ಮೊದಲು ದೀಪವನ್ನು ಇಳಿಬಿಟ್ಟು ಅದು ಆರದಿದ್ದರೆ ಮಾತ್ರ ಇಳಿಯಬೇಕು, ಎಂದು ಹಿರಿಯರು ವಿಧಿಸಿದ್ದುದಕ್ಕೆ ಕಾರಣವೂ ಇದೇ. ಆದರೆ ಈ ಹಗೇವನ್ನು ಮಲೆನಾಡಿನಲ್ಲಿ ತೋಡಿದರೆ ಗತಿಯೇನು? ಆಷಾಢದಲ್ಲಿ ಅಲ್ಲಿಯ ನೆಲವೇ ನೀರು ಜಿನುಗುತ್ತದೆ, ಗುಂಡಿ ಬಾವಿಯಾದೀತು. ಆದ್ದರಿಂದ ಅಲ್ಲಿ ಭತ್ತವನ್ನು ನೆಲದಿಂದ ಮೇಲೆತ್ತಿದ ಕಣಜದಲ್ಲಿ ಇಡುತ್ತಾರೆ. ಘಟ್ಟವಿಳಿದು ಕರಾವಳಿಗೆ ಹೋದರೆ ಅಕ್ಕಿಯನ್ನು ಒಣಹುಲ್ಲಿನಿಂದ ಬಿಗಿದು ಮುಡಿ ಕಟ್ಟುತ್ತಾರೆ. ಹಗೇವು, ಕಣಜ, ಮುಡಿ ಇವು ಮೂರೂ ನೋಟಕ್ಕೆ ಬೇರೆ ಬೇರೆ; ತೇವವನ್ನು ದೂರವಿಡಬೇಕೆಂಬ ಸೂತ್ರ ಮಾತ್ರ ಒಂದೇ. ಅಕ್ಕಿಯಲ್ಲಿ ತೇವಾಂಶವು ನೂರಕ್ಕೆ 14ನ್ನು ಮೀರಿದರೆ ಬೂಷ್ಟು ಹಿಡಿಯಲು ಅನುಕೂಲವಾಗುತ್ತದೆಂದು ಈಗಿನವರು ಅಳೆದು ಹೇಳುತ್ತಾರೆ. ಹಿರಿಯರು ಕಾಳನ್ನು ಹಲ್ಲಿನಲ್ಲಿ ಕಡಿದು ನೋಡುತ್ತಿದ್ದರು.

ಎರಡನೆಯದು ಕಾಲದ ಲೆಕ್ಕ. ಮೈಸೂರಿನ ಗೃಹಿಣಿ ಸಂಡಿಗೆಯನ್ನು ಈ ವಾರ ಇಡದಿದ್ದರೆ ಮುಂದಿನ ವಾರ ಇಟ್ಟಾಳು. ಮಲೆನಾಡಿನಲ್ಲಿ ಮೃಗಶಿರೆ ಮಳೆ ಹಿಡಿಯುವುದರೊಳಗೆ ಎಲ್ಲವೂ ಮುಗಿದಿರಬೇಕು. ಹಲಸಿನ ಹಪ್ಪಳ, ಮೆಣಸಿನಕಾಯಿ, ಹುಣಿಸೆಹಣ್ಣು, ಸೌದೆ ಇವೆಲ್ಲಕ್ಕೂ ಆ ಬಿಸಿಲೇ ಕೊನೆಯ ಬಿಸಿಲು. ಒಣಗಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಒಣಗಿದ ವಸ್ತು ತೇವದ ಗಾಳಿಯಿಂದ ಮತ್ತೆ ನೀರನ್ನು ಹೀರಿಕೊಳ್ಳುತ್ತದೆ. ಬಯಲುಸೀಮೆಯಲ್ಲಿ ಬುಟ್ಟಿಯಲ್ಲಿ ಇಡಬಹುದಾದ ಹಪ್ಪಳವನ್ನು ಅಲ್ಲಿ ಬಿಗಿಯಾದ ಡಬ್ಬದಲ್ಲಿಯೇ ಇಡಬೇಕು. ಹಳೆಯ ಮಲೆನಾಡಿನ ಮನೆಗಳಲ್ಲಿ ಒಲೆಯ ಮೇಲ್ಗಡೆ ಅಟ್ಟವಿರುವುದನ್ನು ಕೇಳುಗರಲ್ಲಿ ಅನೇಕರು ನೋಡಿರಬಹುದು. ಒಲೆಯ ಕಾವು ತೇವವನ್ನು ಆರಿಸುತ್ತದೆ, ಹೊಗೆಯು ಹುಳುವನ್ನು ದೂರವಿಡುತ್ತದೆ. ಹೊಗೆಯು ಅಡುಗೆಯವರ ಕಣ್ಣಿಗೂ ಶ್ವಾಸಕೋಶಕ್ಕೂ ಮಾಡುವ ಹಾನಿಯನ್ನು ನೆನೆದರೆ ಅನಿಲದ ಒಲೆ ಬಂದದ್ದು ದೊಡ್ಡ ಉಪಕಾರವೇ ಸರಿ. ಆದರೆ ಸೌದೆಯ ಒಲೆ ಹೋದ ಮನೆಯಲ್ಲಿ ಅಟ್ಟದ ಗುಣವೂ ಹೋಗುತ್ತದೆ, ಅಲ್ಲಿಟ್ಟ ಕಾಳು ಮೊದಲಿನಂತೆ ಉಳಿಯುವುದಿಲ್ಲ, ಎಂಬುದನ್ನು ಮರೆಯಬಾರದು.

ಮೂರನೆಯದು ಉಪ್ಪಿನ ವಿದ್ಯೆ. ಮಾವಿನ ಮಿಡಿಯನ್ನು ನೆಲಕ್ಕೆ ಬಿದ್ದು ಜಜ್ಜಿಹೋಗದಂತೆ ತೊಟ್ಟಿನೊಡನೆ ಕೊಯ್ದು, ಒರಸಿ, ಭರಣಿಯಲ್ಲಿ ಉಪ್ಪಿನೊಡನೆ ಪದರಪದರವಾಗಿ ತುಂಬುತ್ತಾರೆ. ಉಪ್ಪು ಮಿಡಿಯೊಳಗಿನ ನೀರನ್ನು ಹೊರಕ್ಕೆ ಸೆಳೆಯುತ್ತದೆ; ಮಿಡಿ ಸುಕ್ಕುಗಟ್ಟಿ, ತನ್ನದೇ ಉಪ್ಪುನೀರಿನಲ್ಲಿ ಮುಳುಗುತ್ತದೆ. ಆ ನೀರಿನಲ್ಲಿ ಕೊಳೆಸುವ ಸೂಕ್ಷ್ಮಜೀವಿಗಳು ಬದುಕಲಾರವು. ಕಾಯಿಸಿ ಆರಿಸಿದ ನೀರಿನಲ್ಲಿ ಉಪ್ಪು ಇನ್ನು ಕರಗದೆ ತಳದಲ್ಲಿ ಉಳಿಯುವವರೆಗೂ ಹಾಕಬೇಕೆಂದು ಅತ್ತೆಯವರು ಹೇಳಿದ್ದರು. ರಸಾಯನಶಾಸ್ತ್ರದ ಪುಸ್ತಕವು ಅದನ್ನೇ, 100 ಗ್ರಾಂ ನೀರು ಸುಮಾರು 36 ಗ್ರಾಂ ಉಪ್ಪನ್ನು ಕರಗಿಸಿಕೊಂಡು ಪರ್ಯಾಪ್ತವಾಗುತ್ತದೆ ಎಂದು ಹೇಳುತ್ತದೆ.

ಉಪ್ಪಿನಕಾಯಿಯ ಭರಣಿಗೆ ಹಿರಿಯರು ಇಟ್ಟಿದ್ದ ಮಡಿಯನ್ನು ಕಂಡು ಇಂಗ್ಲಿಷ್ ಕಲಿತ ನಮ್ಮಂಥವರು ನಗುವುದುಂಟು. ಒದ್ದೆ ಕೈಯಿಂದ ಮುಟ್ಟಬಾರದು, ಎಂಜಲು ಸೌಟು ಹಾಕಬಾರದು, ಬಾಯಿಗೆ ಬಟ್ಟೆ ಬಿಗಿಯಬೇಕು, ಇವೆಲ್ಲವೂ ಯುಕ್ತವಾದ ನಿಯಮಗಳೇ. ನೀರಿನ ಹನಿ ಬಿದ್ದ ಕಡೆ ಉಪ್ಪು ತೆಳುವಾಗಿ ಬೂಷ್ಟಿಗೆ ಎಡೆ ದೊರೆಯುತ್ತದೆ. ಆದರೆ ಅದೇ ಮಡಿಯ ಹೆಸರಿನಲ್ಲಿ, ಮುಟ್ಟಾದ ಹೆಂಗಸು ಭರಣಿಯನ್ನು ಮುಟ್ಟಿದರೆ ಉಪ್ಪಿನಕಾಯಿ ಕೆಡುತ್ತದೆ ಎಂಬ ನಂಬಿಕೆಯೂ ನಡೆದು ಬಂದಿದೆ. ಇದಕ್ಕೆ ಯಾವ ಆಧಾರವೂ ಇಲ್ಲ. ಒಣಗಿದ ಶುದ್ಧವಾದ ಕೈ ಯಾರದಾದರೂ ಒಂದೇ. ಹಿರಿಯರಿಂದ ಬಂದದ್ದೆಲ್ಲವನ್ನೂ ಕಣ್ಣುಮುಚ್ಚಿ ಹಿಡಿಯುವುದೂ ಸಲ್ಲದು, ಎಲ್ಲವನ್ನೂ ಮೂಢನಂಬಿಕೆಯೆಂದು ಎಸೆಯುವುದೂ ಸಲ್ಲದು. ಪ್ರತಿಯೊಂದು ನಿಯಮಕ್ಕೂ ಕಾರಣವನ್ನು ಕೇಳಿ, ಕಾರಣವಿರುವುದನ್ನು ಉಳಿಸಿಕೊಳ್ಳುವುದೇ ವಿವೇಕ.

ಹಾಗೆ ಕಾರಣವನ್ನು ತಿಳಿದವರಿಗೆ ಹೊಸ ಹವೆಯಲ್ಲಿ ತೊಡಕು ಕಡಮೆ. ಹಾಲನ್ನು ಮೊಸರು ಮಾಡುವ ಜೀವಾಣುಗಳಿಗೆ ಸುಮಾರು 30ರಿಂದ 40 ಡಿಗ್ರಿ ಸೆಲ್ಸಿಯಸ್‌ವರೆಗಿನ ಬೆಚ್ಚನೆ ಹಿತವಾದದ್ದು. ಮೈಸೂರಿನ ಬೇಸಗೆಯಲ್ಲಿ ಒಂದು ಹನಿ ಹೆಪ್ಪು ಸಾಕು. ಮಲೆನಾಡಿನ ಮಳೆಗಾಲದಲ್ಲಿ ಹೆಪ್ಪನ್ನು ಹೆಚ್ಚಿಸಿ, ಪಾತ್ರೆಯನ್ನು ಒಲೆಯ ಬಳಿ ಬೆಚ್ಚಗೆ ಇಡಬೇಕು. ಇಡ್ಲಿಯ ಹಿಟ್ಟಿಗೂ ಇದೇ ಮಾತು: ಸಂಜೆ ರುಬ್ಬುತ್ತಿದ್ದವರು ಮಧ್ಯಾಹ್ನವೇ ರುಬ್ಬಬೇಕು. ಹಾಲಾಗಲಿ ಹಿಟ್ಟಾಗಲಿ ಹುಳಿಯುವ ಬಗೆ ಒಂದೇ; ಅದಕ್ಕೆ ಬೇಕಾದ ಹೊತ್ತು ಮಾತ್ರ ಬದಲಾಯಿತು.

ಇಷ್ಟರ ಮೇಲೆ, ನಮ್ಮ ಮನೆಯ ಹಿರಿಯರ ತಿಳಿವಳಿಕೆ ಸಾಲದಿರುವ ವಿಷಯಗಳೂ ಉಂಟು. ಕೆಸುವಿನ ಎಲೆ ಬಾಯಿಯನ್ನು ತುರಿಸುವುದು ಅದರಲ್ಲಿರುವ ಸೂಜಿಯಂಥ ಹರಳುಗಳಿಂದ. ಚೆನ್ನಾಗಿ ಬೇಯಿಸಿ ಹುಳಿ ಸೇರಿಸಬೇಕೆಂಬುದನ್ನು ಮೈಸೂರಿನವರೂ ಬಲ್ಲರು. ಆದರೆ ಮಳೆಯ ಆರಂಭದಲ್ಲಿ ಬಿದಿರಿನ ಹಿಂಡಿಲಿನಿಂದ ಮೂಡುವ ಕಳಲೆಯನ್ನು ನಾವು ಮೊದಲ ಬಾರಿಗೆ ಕೈಯಲ್ಲಿ ಹಿಡಿದದ್ದು ಅಲ್ಲಿಯೇ. ಪಕ್ಕದ ತೋಟದ ಹಿರಿಯ ಅಮ್ಮನವರು ಅದನ್ನು ಸಣ್ಣಗೆ ಹೆಚ್ಚಿ, ದಿನವೂ ನೀರು ಬದಲಾಯಿಸುತ್ತ ಮೂರು ದಿನ ನೆನೆಯಿಟ್ಟು, ಆಮೇಲೆ ಬೇಯಿಸಬೇಕೆಂದು ತೋರಿಸಿಕೊಟ್ಟರು. ಹಸಿ ಕಳಲೆಯಲ್ಲಿ ಸಯನೈಡ್ ವಿಷವನ್ನು ಬಿಡುವ ಪದಾರ್ಥವಿದೆ. ಹೆಚ್ಚಿ ನೆನೆಯಿಟ್ಟು ಬೇಯಿಸುವುದರಿಂದ ಅದು ಹೋಗುತ್ತದೆ. ರಸಾಯನಶಾಸ್ತ್ರದ ಹೆಸರು ಆ ಅಮ್ಮನವರಿಗೆ ಬೇಕಾಗಿರಲಿಲ್ಲ. ಮೂರು ದಿನದ ನಿಯಮವನ್ನು ಮಾತ್ರ ಅವರು ಎಂದೂ ಸಡಿಲಿಸುತ್ತಿರಲಿಲ್ಲ. ಅಣಬೆಯ ವಿಷಯದಲ್ಲಂತೂ ಊಹೆಗೆ ಅವಕಾಶವೇ ಇಲ್ಲ. ಬೇಯಿಸಿದರೂ ಹೋಗದ ವಿಷವುಳ್ಳ ಅಣಬೆಗಳಿವೆ. ಒಂದು ಊರಿನಲ್ಲಿ ಉಂಡದ್ದನ್ನು ಹೋಲುವ ಅಣಬೆ ಇನ್ನೊಂದು ಊರಿನಲ್ಲಿ ಪ್ರಾಣಕ್ಕೇ ಬರಬಹುದು. ಆ ನೆಲದಲ್ಲಿ ಹುಟ್ಟಿ ಬೆಳೆದು ಅದನ್ನು ಬಲ್ಲವರು ತೋರಿಸಿದ್ದನ್ನಲ್ಲದೆ ಮತ್ತೊಂದನ್ನು ಮುಟ್ಟಬಾರದು. ಬಾವಿಯ ನೀರು ಕೆಂಪಾದಾಗ ಬಟ್ಟೆಯಲ್ಲಿ ಸೋಸುವುದು ನಮ್ಮ ಮನೆಯ ವಾಡಿಕೆ. ಆದರೆ ಬಟ್ಟೆ ಮಣ್ಣನ್ನು ತಡೆಯುತ್ತದೆಯೇ ಹೊರತು ರೋಗಾಣುವನ್ನು ತಡೆಯಲಾರದು. ಸೋಸಿದ ಮೇಲೆ ಕುದಿಸಲೇಬೇಕು.

ಹೀಗೆ ಹೊಸ ಊರಿನವರಿಂದ ಕಲಿಯುವುದು ಆರಂಭವಾದೊಡನೆ ಅಡುಗೆಯ ಮನೆಯೇ ವಿಶಾಲವಾಗುತ್ತದೆ. ಹುಣಿಸೆಹಣ್ಣು ಮುಗಿದರೆ ಮುರುಗಲ ಹುಳಿಯುಂಟು, ವಾಟೆಹುಳಿಯುಂಟು. ತರಕಾರಿ ಬಾರದ ದಿನ ಹಿತ್ತಲಿನ ಒಂದೆಲಗವನ್ನೋ ದೊಡ್ಡಪತ್ರೆಯನ್ನೋ ಕಾಯಿತುರಿಯೊಡನೆ ಅರೆದು ಮಜ್ಜಿಗೆ ಸೇರಿಸಿದರೆ ತಂಬುಳಿ ಆಯಿತು. ಪ್ರತಿಯಾಗಿ ನಮ್ಮ ಕಡೆಯ ರಾಗಿಮುದ್ದೆಯ ಹದವನ್ನು ಆ ಅಮ್ಮನವರ ಸೊಸೆ ನಮ್ಮಿಂದ ಕಲಿತರು.

ಕೊನೆಯದಾಗಿ ಒಂದು ಮಾತು. ಈ ವಿದ್ಯೆ ಸಾಮಾನ್ಯವಾಗಿ ಮನೆಯಲ್ಲಿ ಒಬ್ಬರು ಇಬ್ಬರು ವೃದ್ಧರ ತಲೆಯಲ್ಲಿರುತ್ತದೆ. ಅವರೊಡನೆಯೇ ಹೋಗಿಬಿಡುವ ಸಂಭವ ಹೆಚ್ಚು. ಕಲಿಯುವ ಭಾರವನ್ನೂ ನಾವು ಸೊಸೆಯಂದಿರ ಮೇಲೆಯೇ ಹೊರಿಸಿದ್ದೇವೆ. ಒಂಟಿ ಮನೆಯಲ್ಲಿ ಆ ಒಬ್ಬರು ಜ್ವರದಿಂದ ಮಲಗಿದರೆ ಉಪ್ಪು ಎಲ್ಲಿದೆ, ಕೆಂಡ ಹೇಗೆ ಉಳಿಸಬೇಕು, ಕುಡಿಯುವ ನೀರು ಯಾವುದು ಎಂಬುದು ಉಳಿದವರಿಗೆ ತಿಳಿಯದಿದ್ದರೆ ಇಡೀ ಸಂಸಾರವೇ ಸಂಕಟಕ್ಕೆ ಸಿಲುಕುತ್ತದೆ. ಗಂಡಸರೂ ಮಕ್ಕಳೂ ಇದನ್ನು ಕಲಿಯತಕ್ಕದ್ದು. ಹಿರಿಯರು ಜೊತೆಯಲ್ಲಿರುವಾಗಲೇ ಅವರ ಪಕ್ಕದಲ್ಲಿ ಕುಳಿತು, ಮಾಡಿ ನೋಡಿ, ಏಕೆಂದು ಕೇಳಿ, ಆಮೇಲೆ ಒಂದು ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು. ದೂರದ ಊರಿಗೆ ಹೋಗುವ ಪ್ರಸಂಗ ಬಾರದಿದ್ದರೂ, ಆ ಬರಹ ಮನೆಯ ಮುಂದಿನವರಿಗೆ ಉಪಯೋಗಕ್ಕೆ ಬರುವುದು.