ಕಂಡುದೂ ತೋರಿಸಿದುದೂ

ಲೋಕವನ್ನೆಲ್ಲ ಸ್ವತಃ ಕಂಡು ತಿಳಿಯುವುದು ಯಾರಿಂದಲೂ ಆಗದು. ಬಹುಪಾಲು ಸಂಗತಿಗಳನ್ನು ನಾವು ವೃತ್ತಪತ್ರಿಕೆಯ ಇಲ್ಲವೆ ಚಲಚ್ಚಿತ್ರದ ಕಣ್ಣಿನಿಂದಲೇ ಕಾಣುತ್ತೇವೆ. ಆ ಕಣ್ಣಿಗೇ ಪೊರೆ ಬಂದರೆ ಗತಿಯೇನು?

1938ನೆಯ ಏಪ್ರಿಲ್ 25ರಂದು ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ಧ್ವಜಸತ್ಯಾಗ್ರಹಕ್ಕೆ ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮಡಿದವರು ಸರ್ಕಾರದ ಲೆಕ್ಕದಲ್ಲಿ ಹತ್ತೇ ಮಂದಿ. ಜನರ ಲೆಕ್ಕದಲ್ಲಿ ಮೂವತ್ತಕ್ಕೂ ಮೇಲೆ. ಸರ್ಕಾರದ ಪ್ರಕಟಣೆಯನ್ನಷ್ಟೇ ಓದಿದವನ ಪಾಲಿಗೆ ಉಳಿದವರು ಸತ್ತೇ ಇರಲಿಲ್ಲ!

ಚಲಚ್ಚಿತ್ರದ ಬಲವೂ ಸಾಮಾನ್ಯವಾದುದಲ್ಲ. 1972ರ 'ಬಂಗಾರದ ಮನುಷ್ಯ'ವನ್ನು ನೋಡಿ ಪಟ್ಟಣ ಬಿಟ್ಟು ಹೊಲಕ್ಕೆ ಮರಳಿದ ತರುಣರ ಮಾತು ನಾಡಿನಲ್ಲಿ ಇಂದಿಗೂ ಉಂಟು. ಒಳ್ಳೆಯದೇ. ಆದರೆ ತೆರೆಯ ಮೇಲೆ ಬರಡು ನೆಲವು ಮೂರು ಗಂಟೆಯೊಳಗೆ ಹಸುರಾಗುವುದು. ನಮ್ಮ ಚಿಂತಾಮಣಿಯ ಸೀಮೆಯಲ್ಲಿ ಸಾವಿರ ಅಡಿ ಕೊರೆಸಿದರೂ ನೀರಿನ ಭರವಸೆಯಿಲ್ಲ.

ಈಗಲಾದರೋ ಅಂಗೈಯೊಳಗಿನ ಮೊಬೈಲೇ ಪತ್ರಿಕೆಯೂ ಹೌದು, ತೆರೆಯೂ ಹೌದು. 2018ರಲ್ಲಿ ಮಕ್ಕಳ ಕಳ್ಳರು ಬಂದರೆಂಬ ಸುಳ್ಳು ಸುದ್ದಿಯು ಬೀದರ ಜಿಲ್ಲೆಯ ಮುರ್ಕಿಯಲ್ಲಿ ನಿರಪರಾಧಿಯೊಬ್ಬನ ಪ್ರಾಣವನ್ನೇ ತೆಗೆಯಿತು. ಮುರುಗಮಲ್ಲದ ದರ್ಗಾಕ್ಕೆ ಹಿಂದೂಗಳೂ ಮುಸಲ್ಮಾನರೂ ಹರಕೆ ಹೊತ್ತು ಬರುವುದನ್ನು ನಾವು ಕಣ್ಣಾರೆ ಕಾಣುತ್ತಿದ್ದೇವೆ. ನೆರೆಯವನು ಶತ್ರುವೆಂದು ಅಂಗೈಯ ತೆರೆ ನುಡಿದರೆ ಯಾವುದನ್ನು ನಂಬತಕ್ಕದ್ದು?

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡೆಂದರು ಹಿರಿಯರು. ಹಾಗಿರುವಾಗ, ಕಾಣದೆ ಕೇಳಿದುದನ್ನು ಪ್ರಮಾಣಿಸದೆ ನಂಬಬಹುದೆ? ಹೇಳಿದವರಾರು, ಕಂಡವರಾರು, ಇದರಿಂದ ಲಾಭ ಯಾರಿಗೆ ಎಂದು ವಾಚಕರು ಮೊದಲು ವಿಚಾರಿಸಲಿ. ಈ ಪತ್ರಿಕೆಯನ್ನೂ ಅದೇ ಒರೆಗಲ್ಲಿಗೆ ಹಚ್ಚಿ ನೋಡಲಿ.