ಪದಶೋಧದ ಜಿಗಿತ ಮತ್ತು ಕನ್ನಡದ ಬೈಟುಗಳು

ಪಠ್ಯರಾಶಿಯಲ್ಲಿ ಪದವೊಂದನ್ನು ಯಥಾವತ್ತಾಗಿ ಹುಡುಕುವ ವೇಗದ ಗುಟ್ಟು, ಎಷ್ಟು ಭಾಗವನ್ನು ನೋಡದೆಯೇ ದಾಟಬಹುದು ಎಂಬುದರಲ್ಲಿದೆ. ಪದವನ್ನು ಕೊನೆಯಿಂದ ಹೋಲಿಸುವ ಕ್ರಮವನ್ನು 1977ರಲ್ಲಿ ಬೋಯರ್ ಮತ್ತು ಮೂರ್ ಪ್ರಕಟಿಸಿದರು. 1980ರಲ್ಲಿ ಹಾರ್ಸ್‌ಪೂಲ್ ಅದನ್ನು ಸರಳಗೊಳಿಸಿದರು. ಪದದ ಕೊನೆಗೆ ಎದುರಾದ ಪಠ್ಯಚಿಹ್ನೆಯು ಪದದಲ್ಲೆಲ್ಲೂ ಇಲ್ಲದಿದ್ದರೆ ಪದದ ಪೂರ್ಣ ಉದ್ದದಷ್ಟು ಮುಂದಕ್ಕೆ ಜಿಗಿಯಬಹುದು.

ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟುಗಳು. ‘ಕಾಸರಗೋಡು’ ಎಂಬುದು 8 ಸಂಕೇತ, 24 ಬೈಟು. ಮೊದಲ ಬೈಟು ಎಲ್ಲಕ್ಕೂ ಒಂದೇ (ತೆಲುಗು, ತಮಿಳು, ಮಲಯಾಳಂ, ದೇವನಾಗರಿಗಳಿಗೂ ಅದೇ!), ಎರಡನೆಯದಕ್ಕೆ ಕನ್ನಡದಲ್ಲಿ ಎರಡೇ ಬೆಲೆಗಳು. ಹಾರ್ಸ್‌ಪೂಲ್ ಕ್ರಮದಲ್ಲಿ ‘ಮ’ಕಾರದ ಮೂರನೆಯ ಬೈಟು ಎದುರಾದರೆ 24 ಬೈಟುಗಳ ಜಿಗಿತ; ಯಾವುದೇ ಅಕ್ಷರದ ಮೊದಲ ಬೈಟು ಎದುರಾದರೆ ಕೇವಲ 2. ಗಡಿನಾಡಿನ ಬಹುಲಿಪಿ ಸಂಗ್ರಹಗಳಲ್ಲಿ ಬೈಟಿಗಿಂತ ಸಂಕೇತವನ್ನೇ ಏಕಮಾನವಾಗಿಸಿ ಜಿಗಿತದ ಪಟ್ಟಿ ರಚಿಸುವುದು ಲೇಸು.

ವೇಗಕ್ಕಿಂತ ಗಂಭೀರವಾದ ತೊಡಕು ಇನ್ನೊಂದಿದೆ. ‘ಗೋ’ದಲ್ಲಿರುವ ಓಕಾರದ ಚಿಹ್ನೆಯು ಒಂದೇ ಸಂಕೇತವಾಗಿಯೂ ಬಿಡಿಸಿದ ಮೂರು ಸಂಕೇತಗಳಾಗಿಯೂ ದಾಖಲಾಗಬಹುದು. ಬಿಡಿಸಿದಾಗ ಅದೇ ಊರ ಹೆಸರು 30 ಬೈಟು. ಕಣ್ಣಿಗೆ ಭೇದವಿಲ್ಲ, ಶೋಧಕ್ಕೆ ಮಾತ್ರ ಸಿಗದು. ಇರುವ ಪ್ರಯೋಗವನ್ನು ಇಲ್ಲವೆಂದು ಕೋಶಕಾರರು ಎಣಿಸಿಬಿಡುವ ಅಪಾಯವಿದೆ. ಆದ್ದರಿಂದ ಪಠ್ಯವನ್ನೂ ಹುಡುಕುವ ಪದವನ್ನೂ ಮೊದಲು ಯೂನಿಕೋಡ್ ವಿಧಿಸಿದ ಒಂದೇ ಪ್ರಮಾಣರೂಪಕ್ಕೆ ತರಬೇಕು. ಸಂಗ್ರಹದ ಮಟ್ಟಿಗೆ ಅದು ಒಮ್ಮೆ ಮಾಡಿ ಮುಗಿಸುವ ಕೆಲಸ.